ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರುತ್ತೀರಿ? ದಿನವಿಡೀ ನಡೆಯುವ ಚಿಕ್ಕಮಗಳೂರಿನ ಮೂರು ಚಾರಣಗಳ ಹೋಲಿಕೆ

ಚಿಕ್ಕಮಗಳೂರು ಸೀಮೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವಂಥ ಗುಡ್ಡದ ದಾರಿ ಹುಡುಕುವವರು ಕೊನೆಗೆ ಬಂದು ನಿಲ್ಲುವುದು ಮೂರರ ಮುಂದೆ. ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಚಂದ್ರದ್ರೋಣ ಬೆಟ್ಟಸಾಲಿನ ಏಣು, ಅಂದರೆ ನೆತ್ತಿಯ ಗೆರೆ, ಹಿಡಿದು ಬಾಬಾಬುಡನ್‌ಗಿರಿ ದಾಟಿ ಗಾಳಿಕೆರೆ ಮುಟ್ಟುವುದು ಒಂದು. ಮುಳ್ಳೋಡಿಯಿಂದ ಕುದುರೆಮುಖ ಹತ್ತಿ ಇಳಿಯುವುದು ಇನ್ನೊಂದು. ಸುಂಕಸಾಲೆ ಕಡೆಯಿಂದ ಬಲ್ಲಾಳರಾಯನ ದುರ್ಗ ಏರಿ ಬಂಡಾಜೆ ಜಲಪಾತದ ತಲೆಯವರೆಗೆ ಹೋಗಿಬರುವುದು ಮೂರನೆಯದು. ಬೈರಾಪುರದ ಕಡೆಯಿಂದ ಎತ್ತಿನ ಭುಜ, ಸಕಲೇಶಪುರ ಕಡೆಯ ಜೇನುಕಲ್ಲು ಗುಡ್ಡ ಇವೂ ಚೆಂದವೇ. ಆದರೆ ಅವು ಅರ್ಧ ದಿನದಲ್ಲಿ ಮುಗಿದುಹೋಗುತ್ತವೆ, ಹಾಗಾಗಿ ಈ ಹೋಲಿಕೆಗೆ ಬರುವುದಿಲ್ಲ.

ಈ ದಾರಿಗಳನ್ನು ಸಾಮಾನ್ಯವಾಗಿ ಶಿಖರದ ಎತ್ತರ ನೋಡಿ ಆರಿಸುತ್ತಾರೆ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯಕ್ಕೇ ಎತ್ತರ. ಕುದುರೆಮುಖ 1,890 ಮೀಟರ್ ಆಸುಪಾಸು. ದುರ್ಗ 1,500 ಮೀಟರ್ ಆಸುಪಾಸು. ಈ ಲೆಕ್ಕದಿಂದ ನಡೆಯುವವನಿಗೆ ಏನೂ ತಿಳಿಯುವುದಿಲ್ಲ. ಮೂರನ್ನೂ ಬೇರೆ ಬೇರೆ ಋತುವಿನಲ್ಲಿ ನಡೆದು ನೋಡಿದರೆ ನಿಜವಾದ ಅಳತೆಗೋಲು ಬೇರೆ ಎಂದು ಗೊತ್ತಾಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ನೀವು ಎಲ್ಲಿರುತ್ತೀರಿ? ಅಲ್ಲಿ ನೆರಳುಂಟೇ, ನೀರುಂಟೇ, ಮುಂದೆ ಉಳಿದಿರುವುದು ಏರೋ ಇಳಿಜಾರೋ? ಈ ಪ್ರಶ್ನೆಗೆ ಮೂರು ದಾರಿಗಳೂ ಮೂರು ಉತ್ತರ ಕೊಡುತ್ತವೆ. ಕಾಲು ಸೋಲುವುದು, ತಲೆ ಸುತ್ತುವುದು, ಕತ್ತಲಾಗುವುದು ಎಲ್ಲವೂ ಆ ಉತ್ತರಕ್ಕೆ ತಕ್ಕ ಹಾಗೇ ಇರುತ್ತವೆ.

ನೀರು ಎಲ್ಲಿ ಸಿಗುತ್ತದೆ, ಏಕೆ

ಮೊದಲು ನೀರಿನ ವಿಷಯ. ಚಂದ್ರದ್ರೋಣದ ದಾರಿ ಬಹುಪಾಲು ಬೆಟ್ಟಸಾಲಿನ ಏಣಿನ ಮೇಲೆಯೇ ಸಾಗುತ್ತದೆ. ಏಣು ಎಂದರೆ ಮಳೆನೀರು ಎರಡು ಕಡೆಗೆ ಹಂಚಿಹೋಗುವ ಗೆರೆ. ಒಳಮೈಗೆ ಬಿದ್ದದ್ದು ಜಾಗರ ಕಣಿವೆ ಸೇರಿ ಭದ್ರೆಗೆ ಹೋಗುತ್ತದೆ. ಪೂರ್ವದ ಹೊರಮೈಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಇಳಿಯುತ್ತವೆ. ಗೆರೆಯ ಮೇಲೆಯೇ ನಿಂತವನಿಗೆ ನೀರು ಸಿಗುವುದಿಲ್ಲ; ಝರಿಗಳು ಬಾಯಿ ಬಿಡುವುದು ಅಲ್ಲಿಂದ ನೂರಿನ್ನೂರು ಮೀಟರ್ ಕೆಳಗೆ, ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಮಡಿಲಲ್ಲಿ. ನವೆಂಬರಿನಲ್ಲಿ ಕಣ್ಣಿಗೆ ಎಲ್ಲೆಲ್ಲೂ ಹಸಿರು ಕಂಡು, ಕೆಳಗಿನಿಂದ ನೀರಿನ ಸದ್ದೂ ಕೇಳಿ, ಬಾಟಲಿ ಮಾತ್ರ ಬರಿದಾಗಿರುವ ಸ್ಥಿತಿ ಬರುವುದು ಇದರಿಂದಲೇ.

ಕುದುರೆಮುಖದ ದಾರಿ ತದ್ವಿರುದ್ಧ. ಅದು ಬೆಟ್ಟದ ಮೈಯ ಮಡಿಕೆಗಳನ್ನು ಒಂದೊಂದಾಗಿ ಅಡ್ಡ ದಾಟುತ್ತಾ ಏರುತ್ತದೆ. ಪ್ರತಿ ಮಡಿಕೆಯಲ್ಲೂ ಒಂದು ತುಂಡು ಶೋಲಾ, ಪ್ರತಿ ಶೋಲಾದಲ್ಲೂ ಒಂದು ಹಳ್ಳ. ಶಿಖರದ ಕೊನೆಯ ಏರಿಗೆ ಮುಂಚಿನವರೆಗೂ ನೀರು ಕೈಗೆಟಕುವಷ್ಟೇ ದೂರದಲ್ಲಿರುತ್ತದೆ.

ಬಲ್ಲಾಳರಾಯನ ದುರ್ಗ ಇವೆರಡರ ನಡುವಿನದಲ್ಲ, ಅದರ ರೀತಿಯೇ ಬೇರೆ. ದುರ್ಗದ ಪೂರ್ವಕ್ಕೆ ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಕಾವೇರಿಗೆ ಹೋಗುತ್ತಾಳೆ. ಪಶ್ಚಿಮಕ್ಕೆ ಬಿದ್ದ ನೀರು ಬಂಡಾಜೆಯಲ್ಲಿ ಧುಮುಕಿ ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ. ನಾವು ನಡೆಯುವುದು ಮೊದಲು ಆ ಗೆರೆಯ ಮೇಲೆ, ಆಮೇಲೆ ಪಶ್ಚಿಮದ ಹಳ್ಳ ಹಿಡಿದು ಕೆಳಕ್ಕೆ. ಅಂದರೆ ನೀರು ಸಿಗುವುದು ಕೊನೆಯಲ್ಲಿ, ಜಲಪಾತದ ತಲೆಯ ಹತ್ತಿರ. ಹೋಗುವಾಗಿನ ಬಾಯಾರಿಕೆಗೆ ಅದು ಒದಗುವುದಿಲ್ಲ, ಬರುವಾಗಿನ ಏರಿಗೆ ತುಂಬಿಕೊಳ್ಳಲು ಮಾತ್ರ ಒದಗುತ್ತದೆ.

ಹೀಗಾಗಿ ಒಬ್ಬರಿಗೆ ಚಂದ್ರದ್ರೋಣದಲ್ಲಿ ಮೂರೂವರೆ ಲೀಟರ್, ದುರ್ಗಕ್ಕೆ ಮೂರು ಲೀಟರ್ ಹೊತ್ತೇ ಹೋಗಬೇಕು. ಕುದುರೆಮುಖಕ್ಕೆ ಎರಡು ಲೀಟರ್ ಸಾಕು, ಜೊತೆಗೆ ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ ಇರಲಿ. ಮಾತ್ರೆ ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ಹಾಗಾಗಿ ಒಂದು ಹಳ್ಳದಲ್ಲಿ ತುಂಬಿಸಿ ಮುಂದಿನ ಹಳ್ಳದ ಹೊತ್ತಿಗೆ ಕುಡಿಯುವ ಹಾಗೆ ಲೆಕ್ಕ ಹಾಕಿಕೊಳ್ಳಿ. ಹರಿಯುವ ನೀರು ತಿಳಿಯಾಗಿ ಕಂಡಿತೆಂದು ಹಾಗೇ ಕುಡಿಯಬೇಡಿ. ಮೇಲಿನ ಹುಲ್ಲುಗಾವಲಲ್ಲಿ ಕಾಟಿ (ಕಾಡುಕೋಣ), ಕಡವೆ ಮೇಯುತ್ತಿರುತ್ತವೆ.

ಚಂದ್ರದ್ರೋಣ: ಏಣಿನ ಮೇಲಿನ ಇಡೀ ದಿನ

ಸರ್ಪದಾರಿಯ ಕಮಾನಿನಿಂದ ಮುಳ್ಳಯ್ಯನಗಿರಿ ತುದಿಗೆ ಮೂರರಿಂದ ನಾಲ್ಕು ಕಿಲೋಮೀಟರ್. ಅಲ್ಲಿಂದ ಏಣು ಹಿಡಿದು ಸೀತಾಳಯ್ಯನಗಿರಿ ಪಕ್ಕ, ಕವಿಕಲ್ ಗಂಡಿ, ಅತ್ತಿಗುಂಡಿಯ ಮೇಲ್ಭಾಗವಾಗಿ ಬಾಬಾಬುಡನ್‌ಗಿರಿಗೆ ಹತ್ತರ ಆಸುಪಾಸು. ಗಾಳಿಕೆರೆಗೆ ಹೋಗಿ ಮತ್ತೆ ಬಾಬಾಬುಡನ್‌ಗಿರಿಯ ಪೀಠದ ಹತ್ತಿರ ಬಂದರೆ ಒಟ್ಟು 18ರಿಂದ 20 ಕಿಲೋಮೀಟರ್ ಆಗುತ್ತದೆ. ಹೆಗಲ ಮೇಲೆ ನೀರು, ಬುತ್ತಿ ಇದ್ದು, ದಾರಿ ಏರಿಳಿಯುತ್ತಿದ್ದರೆ ಗಂಟೆಗೆ ಎರಡೂವರೆ ಕಿಲೋಮೀಟರ್‌ಗಿಂತ ಹೆಚ್ಚು ನಂಬಬೇಡಿ. ನಿಲ್ಲುವ ಹೊತ್ತೂ ಸೇರಿ ಒಂಬತ್ತು ಗಂಟೆ ಬೇಕು. ಡಿಸೆಂಬರಿನಲ್ಲಿ ಇಲ್ಲಿ ಆರೂವರೆ ಹೊತ್ತಿಗೆ ಸೂರ್ಯ ಹುಟ್ಟಿ, ಆರು ದಾಟುತ್ತಿದ್ದಂತೆ ಮುಳುಗುತ್ತಾನೆ. ಬೆಳಕು ಹರಿಯುತ್ತಲೇ ಕಮಾನಿನ ಹತ್ತಿರ ಇರದಿದ್ದರೆ ಗಾಳಿಕೆರೆಯ ಆಸೆ ಬಿಟ್ಟುಬಿಡುವುದು ಒಳ್ಳೆಯದು.

ಸರ್ಪದಾರಿಯ ಮೊದಲ ಮುಕ್ಕಾಲು ಗಂಟೆಯೇ ಈ ದಿನದ ಕಡಿದಾದ ಭಾಗ. ಕಲ್ಲು ಎದ್ದ ಕಿರುದಾರಿ, ಎರಡೂ ಕಡೆ ಮೊಣಕಾಲೆತ್ತರದ ಹುಲ್ಲು. ಇಬ್ಬನಿ ಬಿದ್ದ ಬೆಳಿಗ್ಗೆ ಪ್ಯಾಂಟು ತೊಡೆಯವರೆಗೂ ನೆನೆದು ನೀರು ಶೂ ಒಳಗಿಳಿಯುತ್ತದೆ. ಅದಕ್ಕೇ ಇನ್ನೊಂದು ಜೊತೆ ಕಾಲುಚೀಲ ಚೀಲದಲ್ಲಿ ಒಣಗಿರಲಿ, ಶಿಖರದಲ್ಲಿ ಬದಲಿಸಿ. ಒದ್ದೆ ಕಾಲುಚೀಲದಲ್ಲಿ 15 ಕಿಲೋಮೀಟರ್ ನಡೆದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಖಂಡಿತ. ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇರುವ ಗುಡಿ ಹೊತ್ತೇರುವ ಮುಂಚೆ ನಿಶ್ಶಬ್ದವಾಗಿರುತ್ತದೆ. ಹತ್ತು ಗಂಟೆಯ ನಂತರ ಹಾಗಿರುವುದಿಲ್ಲ. ಇನ್ನೊಂದು ಬದಿಯಿಂದ ವಾಹನ ಬರುತ್ತದೆ, ಮೆಟ್ಟಿಲು ಹತ್ತಿ ಜನ ತುಂಬುತ್ತಾರೆ. ವಾರಾಂತ್ಯದಲ್ಲಿ ಈ ಬೆಟ್ಟ ಹತ್ತುವವರು ಮೌನ ಹುಡುಕಿಕೊಂಡು ಬಂದರೆ ನಿರಾಸೆ ಕಟ್ಟಿಟ್ಟ ಬುತ್ತಿ. ಮಂಗಳವಾರದಿಂದ ಗುರುವಾರದ ಒಳಗೆ ಬನ್ನಿ.

ಶಿಖರದಿಂದ ಮುಂದಿನ ದಾರಿಯ ಗುಣ, ದೋಷ ಎರಡಕ್ಕೂ ಕಾರಣ ಒಂದೇ: ಡಾಂಬರು ರಸ್ತೆ ಪಕ್ಕದಲ್ಲೇ ಇದೆ. ಕೆಲವೆಡೆ ಹಾರ್ನ್ ಸದ್ದು ಕೇಳುತ್ತದೆ. ಆದರೆ ಕಾಲು ಉಳುಕಿದರೆ, ಗುಡುಗು ಬಂದರೆ, ಜೊತೆಯವರಲ್ಲಿ ಒಬ್ಬರಿಗೆ ಆಗದು ಎನಿಸಿದರೆ ಅರ್ಧ ಗಂಟೆಯಲ್ಲಿ ರಸ್ತೆಗಿಳಿಯಬಹುದು. ಮಿಕ್ಕ ಎರಡು ದಾರಿಗಳಲ್ಲಿ ಈ ಸೌಲಭ್ಯ ಇಲ್ಲ. ಮೊದಲ ಸಲ ದಿನವಿಡೀ ನಡೆಯುವವರನ್ನು ಕರೆದೊಯ್ಯುವುದಾದರೆ ನಾವು ಇದನ್ನೇ ಆರಿಸುತ್ತೇವೆ.

ಇಲ್ಲಿ ಕೆಡುವುದು ಮಂಜಿನಲ್ಲಿ. ಏಣು ನೇರಗೆರೆಯಲ್ಲ, ಒಳಮೈಗೆ ಕೈಬೆರಳುಗಳ ಹಾಗೆ ಉಪದಿಣ್ಣೆಗಳು ಚಾಚಿಕೊಂಡಿವೆ. ಮಂಜು ಕವಿದಾಗ ಉಪದಿಣ್ಣೆಯೇ ಮುಖ್ಯ ಏಣಿನಂತೆ ಕಾಣುತ್ತದೆ, ಅದರ ಮೇಲೆ ದನದ ದಾರಿಯೂ ಇರುತ್ತದೆ. ಹಾಗೆ ಹೋದವರು ಜಾಗರದ ಕಡೆಯ ಕಾಡಿಗೋ ಕಾಫಿ ತೋಟಕ್ಕೋ ಇಳಿದುಬಿಡುತ್ತಾರೆ. ಮತ್ತೆ ಹತ್ತುವಷ್ಟು ಹೊತ್ತೂ ಉಳಿದಿರುವುದಿಲ್ಲ, ಶಕ್ತಿಯೂ. ಹತ್ತು ನಿಮಿಷ ಸತತವಾಗಿ ಇಳಿಯುತ್ತಿದ್ದೀರಿ ಎನಿಸಿದರೆ ನಿಲ್ಲಿ. ಗುರುತು ಸಿಕ್ಕಿದ ಕೊನೆಯ ಜಾಗಕ್ಕೆ ವಾಪಸು ಹತ್ತಿ, ಅಲ್ಲೇ ಕೂತು ಕಾಯಿರಿ. ಗಾಳಿ ಇರುವ ಬೆಟ್ಟ ಇದು; ಮಂಜು ಬಹಳ ಸಲ ಇಪ್ಪತ್ತು ನಿಮಿಷದಲ್ಲಿ ಹರಿದು ದಾರಿ ತೋರಿಸುತ್ತದೆ. ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. ಈ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಬಂಡೆಗಳಿವೆ, ಕುದುರೆಮುಖದ್ದಂತೂ ಅಯಸ್ಕಾಂತ ಗುಣದ ಮ್ಯಾಗ್ನೆಟೈಟ್. ಅಂಥ ಬಂಡೆಯ ಪಕ್ಕದಲ್ಲಿ ಮುಳ್ಳು ಅತ್ತಿತ್ತ ವಾಲಬಹುದು, ಮೊಬೈಲಿನ ದಿಕ್ಸೂಚಿಯೂ ಅಷ್ಟೇ. ಉಪಗ್ರಹದಿಂದ ಸ್ಥಾನ ಹೇಳುವ ಜಿಪಿಎಸ್‌ಗೆ ಈ ತೊಂದರೆಯಿಲ್ಲ. ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು, ಹೋದ ದಾರಿಯನ್ನು ಫೋನಿನಲ್ಲಿ ದಾಖಲಿಸುತ್ತಾ ನಡೆಯಿರಿ.

ಒಂದು ಗಂಟೆಗೆ ನೀವು ಕವಿಕಲ್ ಗಂಡಿ ದಾಟಿ ಬೋಳು ಹುಲ್ಲುಗಾವಲಲ್ಲಿರುತ್ತೀರಿ. ನೆರಳಿಲ್ಲ, ನೀರಿಲ್ಲ, ಗಾಳಿ ತಂಪಾಗಿರುವುದರಿಂದ ಬಿಸಿಲು ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಬಾಯಾರದಿದ್ದರೂ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಬೇಕಾದ ಜಾಗ ಇದು. ಅಗಲ ಅಂಚಿನ ಟೋಪಿ, ಕತ್ತು ಮುಚ್ಚುವ ಬಟ್ಟೆ ಬೇಕೇ ಬೇಕು.

ಗಾಳಿಕೆರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಬೆಟ್ಟಗಳ ಮೇಲೆ ಕೆರೆ ಅಪರೂಪ. ಇಳಿಜಾರು ಕಡಿದು, ಬಿದ್ದ ನೀರೆಲ್ಲ ಹಳ್ಳವಾಗಿ ಓಡುತ್ತದೆ, ನಿಲ್ಲುವುದಿಲ್ಲ. ಈ ಸೀಮೆಯ ದೊಡ್ಡ ಕೆರೆಗಳೆಲ್ಲ ಬುಡದಲ್ಲಿವೆ: ಊರ ಹತ್ತಿರದ ಹಿರೇಕೊಳಲೆ, ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಕಡೆಯ ಮದಗದ ಕೆರೆ. ಎಲ್ಲಾ ಏರಿ ಕಟ್ಟಿ ನಿಲ್ಲಿಸಿದ ನೀರು. ಗಾಳಿಕೆರೆ ಇರುವುದು ಬೆಟ್ಟದ ಮೇಲೆ, ಹುಲ್ಲಿನ ದಿಣ್ಣೆಗಳ ನಡುವಿನ ತಗ್ಗಿನಲ್ಲಿ. ಪೀಠದ ಹತ್ತಿರದಿಂದ ಕಾಲುದಾರಿಯಲ್ಲಿ ಒಂದು ಗಂಟೆಯೊಳಗಿನ ನಡಿಗೆ. ಹತ್ತಿರದ ಮಾಣಿಕ್ಯಧಾರೆ ಜಲಪಾತಕ್ಕೆ ಹೋಗುವ ಜನಪ್ರವಾಹದಲ್ಲಿ ಸಣ್ಣ ಪಾಲೂ ಇತ್ತ ಬರುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ನೀರು ತುಂಬಿರುತ್ತದೆ. ಮಾರ್ಚಿನ ಹೊತ್ತಿಗೆ ಇಳಿದು ಅಂಚಿನ ಕೆಸರು ಬಾಯಿಬಿಡುತ್ತದೆ. ಆ ಕೆಸರಿನಲ್ಲಿ ಕಾಲಿಡಬೇಡಿ, ನೋಡಲು ಗಟ್ಟಿ, ಒಳಗೆ ಮೆತ್ತಗೆ. ನೀರಿಗೆ ಇಳಿಯುವುದು, ಸೋಪು ಹಚ್ಚುವುದು, ತಟ್ಟೆ ತೊಳೆಯುವುದು ಖಂಡಿತ ಬೇಡ. ಹರಿದುಹೋಗದ ಇಷ್ಟು ಸಣ್ಣ ನೀರಿಗೆ ಒಂದು ಸಲ ಬಿದ್ದ ಸೋಪು ಮುಂದಿನ ಮಳೆಗಾಲದವರೆಗೂ ಅಲ್ಲೇ ಉಳಿಯುತ್ತದೆ, ಬೆಟ್ಟದ ಪ್ರಾಣಿಗಳು ಅದನ್ನೇ ಕುಡಿಯಬೇಕು. ಕೆರೆಯಿಂದ ಮುಂದೆ ಕೆಮ್ಮಣ್ಣುಗುಂಡಿ ಕಡೆಗೆ ಹೋಗುವ ದಾರಿಗೆ ಅರಣ್ಯ ಇಲಾಖೆಯನ್ನು ಕೇಳದೆ ಇಳಿಯಬೇಡಿ. ಅತ್ತ ಭದ್ರಾ ಹುಲಿ ಮೀಸಲು ಪ್ರದೇಶದ ಕಾಡಿದೆ.

ಕುದುರೆಮುಖ: ಹಳ್ಳಗಳ ದಾರಿ

ಮುಳ್ಳೋಡಿಯಿಂದ ಶಿಖರಕ್ಕೆ ಒಂಬತ್ತರಿಂದ ಹತ್ತು ಕಿಲೋಮೀಟರ್, ಅದೇ ದಾರಿಯಲ್ಲಿ ವಾಪಸು. ಏರಿಕೆ ಸುಮಾರು 900 ಮೀಟರ್. ಅಂಕಿಯಲ್ಲಿ ಮೂರರಲ್ಲಿ ಕಠಿಣವಾದದ್ದು ಇದೇ. ಆದರೂ ಕಾಲಿಗೆ ನ್ಯಾಯ ಮಾಡುವ ದಾರಿಯೂ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಏರೆಲ್ಲ ಬೆಳಗಿನ ತಂಪಿನಲ್ಲಿ ಮುಗಿಯುತ್ತದೆ. ಆರೂವರೆಗೆ ಹೊರಟರೆ ಹನ್ನೊಂದರ ಹೊತ್ತಿಗೆ ತುದಿ. ಒಂದು ಗಂಟೆಗೆ ನೀವು ಇಳಿಜಾರಿನಲ್ಲಿ, ಯಾವುದೋ ಶೋಲಾದ ನೆರಳಲ್ಲಿ, ಹಳ್ಳದ ಪಕ್ಕ ಬುತ್ತಿ ಬಿಚ್ಚಿರುತ್ತೀರಿ. ಆಯಾಸ ಹೆಚ್ಚಾದಂತೆ ದಾರಿ ಸುಲಭವಾಗುತ್ತಾ ಹೋಗುತ್ತದೆ.

ಮುಳ್ಳೋಡಿಯವರೆಗಿನ ಕಚ್ಚಾ ರಸ್ತೆಗೆ ಬಾಳೆಗಲ್‌ನಿಂದ ಜೀಪು ಮಾಡುವುದೇ ಸರಿ. ಸಾಮಾನ್ಯ ಕಾರು ತಳ ತಾಗಿಸಿಕೊಳ್ಳುತ್ತದೆ, ಬೈಕು ಒದ್ದೆ ಮಣ್ಣಲ್ಲಿ ಜಾರುತ್ತದೆ. ಜೀಪನ್ನು ಹಿಂದಿನ ದಿನವೇ ಗೊತ್ತು ಮಾಡಿ. ಬೆಳಿಗ್ಗೆ ಹುಡುಕಲು ನಿಂತರೆ ಹೋಗುವ ಒಂದು ಗಂಟೆ ಸಂಜೆಯ ಬೆಳಕಿನ ಲೆಕ್ಕದಿಂದಲೇ ಕಳೆಯುತ್ತದೆ. ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು, ಗುರುತಿನ ಚೀಟಿ ಬೇಕು. ದಿನಕ್ಕೆ 300 ಮಂದಿಯ ಮಿತಿ ಇದೆ. ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ವಾಹನ ಗೊತ್ತುಮಾಡುವ ಮುಂಚೆ ಅದನ್ನು ನೋಡಿಕೊಳ್ಳಿ. 300 ಎಂಬುದು ಸಣ್ಣ ಸಂಖ್ಯೆಯೇನಲ್ಲ. ಶನಿವಾರ ಅಷ್ಟೂ ಜನ ಒಂದೇ ಕಾಲುದಾರಿಯಲ್ಲಿ ಸಾಲುಗಟ್ಟಿದರೆ ಹಳ್ಳ ದಾಟುವಲ್ಲಿ ಸರದಿ ನಿಲ್ಲಬೇಕಾಗುತ್ತದೆ.

ದಾರಿಯ ಗುರುತಾದ ಒಂಟಿಮರದವರೆಗೆ ಏರು ಉದಾರವಾಗಿದೆ. ಅಲ್ಲಿಂದ ಏರು ಬಿಗಿಯಾಗುತ್ತದೆ. ಕೆಂಪು ಮಣ್ಣಿನ ದಾರಿ ಮಳೆನೀರಿಗೆ ಕೊರೆದು ಕಾಲುವೆಯಂತಾಗಿದೆ. ಹತ್ತುವಾಗ ಕಾಲುವೆಯೊಳಗೇ ಹೆಜ್ಜೆಯಿಡಿ, ಅಂಚಿನ ಹುಲ್ಲು ತುಳಿದು ಹೊಸ ದಾರಿ ಮಾಡಬೇಡಿ. ಮುಂದಿನ ಮಳೆಗೆ ಅದೂ ಕೊರೆದುಹೋಗುತ್ತದೆ, ದಾರಿ ಹೀಗೇ ಅಗಲವಾಗುತ್ತಾ ಬಂದಿದೆ. ಕೊನೆಯ ಶೋಲಾದ ಹಳ್ಳದಲ್ಲಿ ಬಾಟಲಿ ತುಂಬಿಸಿಕೊಳ್ಳಬೇಕು, ಅಲ್ಲಿಂದಾಚೆ ನೀರಿಲ್ಲ.

ಇಲ್ಲಿ ಕೆಡುವುದು ಇಳಿಯುವಾಗ. ಒಣ ಋತುವಿನಲ್ಲಿ ಗಟ್ಟಿ ಮಣ್ಣಿನ ಮೇಲೆ ಸಣ್ಣ ಉರುಟು ಕಲ್ಲು, ಮಳೆಯಲ್ಲಿ ಜಿಗುಟು ಕೆಸರು. ಎರಡರಲ್ಲೂ ನುಣುಪು ತಳದ ಓಟದ ಶೂ ಜಾರುತ್ತದೆ. ಆಳವಾದ ಗೀರುಗಳಿರುವ ರಬ್ಬರ್ ತಳ ಬೇಕು. ಇಳಿಯುವ ಮುಂಚೆ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೊತ್ತಿ, ಕಣಕಾಲ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಹೊಡೆಯುತ್ತಲೇ ಇರುತ್ತದೆ, ಮರುದಿನ ಉಗುರು ಕಪ್ಪಾಗಿರುತ್ತದೆ. ಎರಡು ದಿನ ಮುಂಚೆಯೇ ಉಗುರು ಕತ್ತರಿಸಿಕೊಂಡಿದ್ದರೆ ಅರ್ಧ ಕಷ್ಟ ಕಡಿಮೆ. ಕೋಲನ್ನು ಏರಿನಲ್ಲಿ ಮೊಣಕೈ ಮಟ್ಟಕ್ಕೆ, ಇಳಿಜಾರಿನಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಹಿಡಿದರೆ ಮಂಡಿಯ ಮೇಲಿನ ಭಾರ ಕೈಗೂ ಹಂಚಿಹೋಗುತ್ತದೆ.

ಕೆರೆ ಬೇಕೆನ್ನುವವರಿಗೆ ಕುದುರೆಮುಖ ನಿರಾಸೆ. ಉದ್ಯಾನದ ದೊಡ್ಡ ನೀರು ಎಂದರೆ ಲಕ್ಯಾ ಅಣೆಕಟ್ಟಿನದು. ಗಣಿಯ ಹೂಳು ತಡೆಯಲು ಕಟ್ಟಿದ್ದು. 2005ರ ಕೊನೆಗೆ ಗಣಿ ನಿಂತಿತು, ಹೂಳು ಅಲ್ಲೇ ಇದೆ. ಅದು ಈ ಚಾರಣದ ಭಾಗವಲ್ಲ.

ಬಲ್ಲಾಳರಾಯನ ದುರ್ಗ: ತಲೆಕೆಳಗಾದ ದಿನ

ಮೂರರಲ್ಲಿ ಅತ್ಯಂತ ಮೌನದ ದಾರಿ ಇದು, ಅತ್ಯಂತ ಮೋಸದ್ದೂ ಹೌದು. ಸುಂಕಸಾಲೆ ಬಳಿಯ ರಾಣಿಝರಿ ಕಡೆಯಿಂದ ಕೋಟೆ, ಕೋಟೆಯಿಂದ ಬಂಡಾಜೆ ಜಲಪಾತದ ತಲೆ, ಮತ್ತೆ ಅದೇ ದಾರಿ. ಒಟ್ಟು ಸುಮಾರು 16 ಕಿಲೋಮೀಟರ್. ದೂರ ಕಡಿಮೆ, ಎತ್ತರ ಕಡಿಮೆ, ಹಾಗಾಗಿ ಸುಲಭ ಎಂದುಕೊಂಡು ಒಂಬತ್ತು ಗಂಟೆಗೆ ಹೊರಡುವವರು ಬಹಳ. ಬೆಳಿಗ್ಗೆ ಕೋಟೆಯವರೆಗೆ ಹತ್ತಿದ ಮೇಲೆ ದಾರಿ ಇಳಿಯುತ್ತದೆ. ಮೈಲಿಗಟ್ಟಲೆ ಹುಲ್ಲಿನ ಅಲೆಗಳ ನಡುವೆ ಕಾಲು ತಾನಾಗಿ ಸಾಗುತ್ತದೆ. ಒಂದು ಗಂಟೆಗೆ ನೀವು ದಿನದ ಅತ್ಯಂತ ತಗ್ಗಿನ ಜಾಗದಲ್ಲಿರುತ್ತೀರಿ. ಎದುರಿಗಿರುವುದು ಇಳಿದು ಬಂದ ಅಷ್ಟೂ ಏರು, ಅದೂ ನೆರಳೇ ಇಲ್ಲದ ಪಶ್ಚಿಮಾಭಿಮುಖ ಇಳಿಜಾರಿನಲ್ಲಿ, ಮಧ್ಯಾಹ್ನದ ಬಿಸಿಲು ಬೆನ್ನಿಗೆ ನೇರ ಬೀಳುವಾಗ. ದಣಿವು, ತಲೆನೋವು, ಮೀನಖಂಡದ ಸೆಳೆತ ಶುರುವಾಗುವುದು ಇಲ್ಲಿ.

ಪರಿಹಾರ ಸರಳ. ಆರೂವರೆಗೆ ಹೊರಡಿ, ಹನ್ನೊಂದಕ್ಕೆ ಜಲಪಾತ ಮುಟ್ಟಿ, ಹನ್ನೆರಡಕ್ಕೆ ತಪ್ಪದೆ ವಾಪಸು ತಿರುಗಿ. ತಡವಾಗಿದ್ದರೆ, ಎಲ್ಲೇ ಇರಲಿ, ಹನ್ನೆರಡೂವರೆಯೇ ತಿರುಗುವ ಕೊನೆಯ ಹೊತ್ತು ಎಂದು ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಜಲಪಾತ ಕಾಣಲಿಲ್ಲ ಎಂಬ ಬೇಸರ ಕತ್ತಲಲ್ಲಿ ಏಣು ಹುಡುಕುವುದಕ್ಕಿಂತ ಮೇಲು. ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಕಲಸಿದ ಪಾನಕ ಮರಳುವ ಏರಿಗೆಂದೇ ತೆಗೆದಿಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ.

ಜಲಪಾತ ಇಲ್ಲಿಂದ ಎದುರು ಕಾಣುವುದಿಲ್ಲ. ನೀವು ನಿಲ್ಲುವುದು ಅದರ ನೆತ್ತಿಯಲ್ಲಿ. ಹರಿವಿನ ಪಕ್ಕದ ಬಂಡೆ ಒಣಗಿದಂತೆ ಕಂಡರೂ ಪಾಚಿಯ ಕಪ್ಪು ಪದರ ಇರುತ್ತದೆ. ಆ ಕಪ್ಪು ಬಣ್ಣ ಶುರುವಾಗುವಲ್ಲಿಗೆ ನಿಮ್ಮ ಗಡಿ ಎಂದುಕೊಳ್ಳಿ. ಫೋಟೋಕ್ಕಾಗಿ ಅಂಚಿಗೆ ಹೋಗುವುದು ಇಲ್ಲಿ ಪ್ರಾಣಕ್ಕೇ ಅಪಾಯ, ಜಾರಿದರೆ ಹಿಡಿಯಲು ಏನೂ ಇಲ್ಲ. ಫೆಬ್ರವರಿಯ ನಂತರ ಹರಿವು ತೆಳ್ಳಗಾಗುತ್ತದೆ, ಆಗ ಇಷ್ಟು ದೂರ ಬರುವುದಕ್ಕೆ ಅರ್ಥವೂ ಕಡಿಮೆ. ಅರಣ್ಯ ಇಲಾಖೆಯ ಅನುಮತಿ ಈ ದಾರಿಗೂ ಬೇಕು. ಬೆಳ್ತಂಗಡಿ ಕಡೆಯಿಂದ ಕಾಡೊಳಗೆ ಹತ್ತಿ ಬರುವ ದಾರಿಯೊಂದಿದೆ. ಅದು ಬೇರೆಯೇ ದರ್ಜೆಯ ಏರು, ಹಾದಿ ತಿಳಿದವರಿಲ್ಲದೆ ಹೊರಡುವಂಥದ್ದಲ್ಲ.

ಮಂಜಿನಲ್ಲಿ ದುರ್ಗ ಚಂದ್ರದ್ರೋಣಕ್ಕಿಂತ ಕಷ್ಟ. ಪಕ್ಕದಲ್ಲಿ ರಸ್ತೆಯಿಲ್ಲ, ಹುಲ್ಲಿನ ದಿಣ್ಣೆಗಳೆಲ್ಲ ಒಂದೇ ಥರ, ಪಶ್ಚಿಮದ ಅಂಚು ಸೀದಾ ಪ್ರಪಾತ. ಆದರೆ ತಿಳಿ ಆಕಾಶದ ನವೆಂಬರ್ ದಿನ, ವಾರದ ನಡುವೆ, ಕೋಟೆ ಗೋಡೆಯಿಂದ ಜಲಪಾತದವರೆಗೆ ಒಬ್ಬರೂ ಎದುರಾಗದೆ ನಡೆಯಬಹುದು. ಮೌನವೇ ಮುಖ್ಯ ಎನ್ನುವವರು ಬೇರೆಲ್ಲ ಕಷ್ಟ ಒಪ್ಪಿಕೊಂಡು ಇದನ್ನೇ ಆರಿಸಲಿ.

ಇಂಬಳ, ಉಣ್ಣಿ, ಬುತ್ತಿ

ಇಂಬಳದ (ಜಿಗಣೆಯ) ಕಾಟ ಕುದುರೆಮುಖದಲ್ಲಿ ಹೆಚ್ಚು, ದುರ್ಗದ ಕಾಡಂಚಿನಲ್ಲಿ ನಡುಮಟ್ಟ, ಚಂದ್ರದ್ರೋಣದ ಗಾಳಿ ಬೀಸುವ ಏಣಿನಲ್ಲಿ ಕಡಿಮೆ. ಕುದುರೆಮುಖದಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ; ಶೋಲಾದ ತರಗೆಲೆ ಡಿಸೆಂಬರಿನವರೆಗೂ ಆರುವುದಿಲ್ಲ. ಹೊಗೆಸೊಪ್ಪಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲುಚೀಲದ ಹೊರಗೆ, ಶೂ ಬಾಯಿಯ ಸುತ್ತ ಹಚ್ಚಿ. ಬರೀ ಉಪ್ಪು ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ, ಎಣ್ಣೆ ನಿಲ್ಲುತ್ತದೆ. ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಬಾಯಿಯ ಕಡೆ ಜಾರಿಸಿ ಬಿಡಿಸಿ. ಹಳ್ಳ ದಾಟಿದ ಮೇಲೆ ನೆರಳಲ್ಲಿ ನಿಲ್ಲದೆ ಹತ್ತು ಹೆಜ್ಜೆ ಬಿಸಿಲಿಗೆ ಬಂದು ಕಾಲು ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.

ಇಂಬಳಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಉಣ್ಣಿಗೆ (ಉಣುಗು). ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಚಾರಣದ ಒಳ್ಳೆಯ ತಿಂಗಳುಗಳೂ ಅದರಲ್ಲೇ ಬರುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಕಂಕುಳು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ. ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಟಿ ಮೂರೂ ಕಡೆ ಎದುರಾಗಬಹುದು. ಅದು ತಲೆಯೆತ್ತಿ ದಿಟ್ಟಿಸಿದರೆ ನೀವು ಹತ್ತಿರ ಬಂದಾಯಿತು ಎಂದರ್ಥ. ಕೂಗದೆ, ಓಡದೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಅದು ಕಾಡಿಗೆ ಇಳಿಯಲು ಜಾಗ ಬಿಡಿ. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ರಸ್ತೆಗಳಲ್ಲಿ ಆನೆ ಓಡಾಟ ಇರುವುದರಿಂದ ದುರ್ಗಕ್ಕೆ ಹೊರಡುವವರು ಕತ್ತಲಲ್ಲಿ ಕಾಲ್ನಡಿಗೆಯಲ್ಲಿ ತೋಟ ದಾಟಬಾರದು, ಆ ಭಾಗಕ್ಕೆ ವಾಹನ ಇರಲಿ.

ಬುತ್ತಿಗೆ ಮೊಸರನ್ನ ಒಳ್ಳೆಯದು. ಬೆಳಿಗ್ಗೆ ಅನ್ನಕ್ಕೆ ಹೆಚ್ಚು ಹಾಲು, ಎರಡೇ ಚಮಚ ಮೊಸರು ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗದೆ ಹದವಾಗಿರುತ್ತದೆ. ಏರಿನ ನಡುವೆ ಬಾಯಾಡಿಸಲು ಕಡಲೆ ಚಿಕ್ಕಿ, ಬೆಲ್ಲ, ಹುರಿದ ಅವಲಕ್ಕಿ. ಎಣ್ಣೆ ತಿಂಡಿ ದಾಹ ಹೆಚ್ಚಿಸುತ್ತದೆ, ಬಾಳೆಹಣ್ಣು ಚೀಲದಲ್ಲಿ ಜಜ್ಜಿಹೋಗುತ್ತದೆ.

ಯಾವ ತಿಂಗಳಿಗೆ ಯಾವುದು

ಅಕ್ಟೋಬರ್ ಮೊದಲ ಭಾಗದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುತ್ತದೆ. ಆಗ ಏಣಿನ ಮೇಲೆ ನೀವೇ ಎತ್ತರದ ವಸ್ತು, ಆದ್ದರಿಂದ ಚಂದ್ರದ್ರೋಣ ಮತ್ತು ದುರ್ಗ ಬೇಡ. ಕುದುರೆಮುಖ ಆಗಬಹುದು, ಮಧ್ಯಾಹ್ನ ಎರಡರೊಳಗೆ ಒಂಟಿಮರ ದಾಟಿ ಇನ್ನೂ ಕೆಳಕ್ಕೆ ಇಳಿದಿರುವ ಲೆಕ್ಕದಲ್ಲಿ. ನವೆಂಬರಿನಿಂದ ಜನವರಿಯವರೆಗೆ ಮೂರು ದಾರಿಗೂ ಸೈ, ಅದರಲ್ಲೂ ದುರ್ಗಕ್ಕೆ ಇದೊಂದೇ ನಿಜವಾದ ಕಾಲ. ಫೆಬ್ರವರಿಯಲ್ಲಿ ಚಂದ್ರದ್ರೋಣ ಮಾತ್ರ, ಬೆಳಿಗ್ಗೆ ಬೇಗ. ಮಾರ್ಚ್‌ನಿಂದ ಮೇವರೆಗೆ ಹುಲ್ಲು ಕಡ್ಡಿ ಗೀರಿದರೆ ಹೊತ್ತುವಂತಿರುತ್ತದೆ, ಯಾವುದೂ ಬೇಡ. ಗುರ್ಗಿ ಎಂದು ನಮ್ಮಲ್ಲಿ ಕರೆಯುವ ಕುರಿಂಜಿ 2022ರಲ್ಲಿ ಚಂದ್ರದ್ರೋಣದಲ್ಲಿ ಅರಳಿದಾಗ ಜನ ಹೂವಿನ ನಡುವೆ ಕೂರಲು ಗಿಡ ತುಳಿದದ್ದನ್ನು ಎಲ್ಲರೂ ನೋಡಿದ್ದಾರೆ. ಬೀಜ ಕಟ್ಟುವ ಮುಂಚೆ ತುಳಿದ ಗಿಡದಿಂದ ಮುಂದಿನ ಪೀಳಿಗೆ ಏಳುವುದಿಲ್ಲ. ಹೂ ಬಿಟ್ಟ ವರ್ಷ ಕಾಲುದಾರಿಯಿಂದ ಒಂದಡಿ ಕೂಡ ಆಚೆ ಹೋಗಬೇಡಿ.

ಏರು ಆಗದ ಹಿರಿಯರು ಜೊತೆಗಿದ್ದರೆ ಅವರನ್ನು ಅಯ್ಯನಕೆರೆಗೆ ಕರೆದೊಯ್ಯಿರಿ. ಚಂದ್ರದ್ರೋಣದ ಹೊರಮೈಯ ನೀರು ಅಲ್ಲಿ ನಿಂತಿರುತ್ತದೆ, ಏರಿಯ ಮೇಲೆ ಸಮತಟ್ಟು ನಡಿಗೆ, ಎದುರಿಗೆ ಶಕುನಗಿರಿ. ಬಯಲುಸೀಮೆಯ ಬಿಸಿಲಾದ್ದರಿಂದ ಅಲ್ಲಿ ಒಂದು ಗಂಟೆಯ ಪ್ರಶ್ನೆಗೆ ಉತ್ತರ ಮನೆಯಲ್ಲಿರುವುದು. ನಾಲ್ಕರ ಮೇಲೆ ಹೊರಡಿ.

ಚಂದ್ರದ್ರೋಣಕ್ಕೆ ದಿನ ಗೊತ್ತು ಮಾಡುವ ಮುಂಚೆ ಪಂಚಾಂಗ ನೋಡಿ. ಡಿಸೆಂಬರಿನ ದತ್ತ ಜಯಂತಿ, ಮಾರ್ಚ್ ಆಸುಪಾಸಿನ ಉರುಸ್, ದೀಪಾವಳಿಯ ದೇವಿರಮ್ಮ ಬೆಟ್ಟದ ಜಾತ್ರೆ ಸುತ್ತಮುತ್ತಲ ದಿನಗಳಲ್ಲಿ ಜಿಲ್ಲಾಡಳಿತ ಗಿರಿಗೆ ಪ್ರವಾಸಿಗರನ್ನು ತಡೆಯುವುದುಂಟು. ಮೇಲೆ ಹೋಗುವ ವಾಹನಗಳಿಗೂ ಮುಂಗಡ ನೋಂದಣಿ ಮತ್ತು ಮಿತಿ ಇದೆ. ಹೊರಡುವ ಜಾಗ, ಮುಗಿಯುವ ಜಾಗ ಬೇರೆಬೇರೆ ಆದ್ದರಿಂದ ಕಾರನ್ನು ಸರ್ಪದಾರಿಯಲ್ಲಿ ಬಿಟ್ಟರೆ ಸಂಜೆ ಪೀಠದಿಂದ ಅಲ್ಲಿಗೆ ಮರಳಲು ಇನ್ನೊಂದು ವಾಹನ ಬೇಕಾಗುತ್ತದೆ. ಊರಿಂದ ಬಾಡಿಗೆ ಜೀಪಿನಲ್ಲಿ ಬಂದು ಕಮಾನಿನ ಹತ್ತಿರ ಇಳಿದು, ಅದೇ ಚಾಲಕರಿಗೆ ಸಂಜೆ ಐದಕ್ಕೆ ಬಾಬಾಬುಡನ್‌ಗಿರಿಗೆ ಬರಲು ಹೇಳುವುದು ಸರಿ. ಮೇಲೆ ಫೋನು ಸಿಗುತ್ತದೆಂದು ನಂಬದೆ, ಹೊತ್ತು ಮತ್ತು ನಿಲ್ಲುವ ಜಾಗ ಎರಡನ್ನೂ ಇಳಿಯುವಾಗಲೇ ಖಚಿತ ಮಾಡಿಕೊಳ್ಳಿ.